ಮೂಗು ಪಾಸ್ ಮಾಡಿದ ಅನ್ನ

೧
ಎಲ್ಲಿಂದ ಶುರು ಮಾಡಲಿ? ಬ್ಯಾಕ್ಟೀರಿಯಾದಿಂದ? ಕಣ್ಣಿಗೇ ಕಾಣದ್ದನ್ನು ನಾಯಕ ಮಾಡಿದರೆ ನೀವು ಮೂಗು ಮುರಿಯುತ್ತೀರಿ. ಸರಿ, ಮೂಗಿನಿಂದಲೇ ಶುರು ಮಾಡೋಣ.

೨
ಮೂಗು ತಾತನದು. ಸೋಪ್ ಕಾರ್ಖಾನೆಯಲ್ಲಿ ಪರಿಮಳ ಮೂಸುವುದೇ ಜೀವನವಿಡೀ ಅವನ ಕೆಲಸವಾಗಿತ್ತು. ಅವನು ತಲೆಯಾಡಿಸಿದರೆ ಸೋಪು ಪಾಸ್. ಮನೆಯಲ್ಲೂ ಅದೇ ಕಾನೂನು: ಹಾಲು, ಮೊಟ್ಟೆ, ಅಳಿಯನ ಕಾಲುಚೀಲ, ಎಲ್ಲವೂ ಆ ಮೂಗಿನೆದುರು ಹಾಜರಾಗಬೇಕು.

(ಕಾಲುಚೀಲ ಪ್ರತಿ ಸಲವೂ ಫೇಲ್.)

೩
ಬೆಳಿಗ್ಗೆ ಮಾಡಿದ ಅನ್ನ ಸಂಜೆಯವರೆಗೂ ಒಲೆಯ ಪಕ್ಕದಲ್ಲೇ ಕೂತಿತ್ತು. ಮಗಳು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಪುಟ್ಟ ಮೊಮ್ಮಗಳು ಹಸಿವು ಅಂದಳು. ತಾತ ಮುಚ್ಚಳ ತೆಗೆದು ಮೂಸಿದ. ಹಳಸಿರಲಿಲ್ಲ. "ಪಾಸ್!" ಅಂದವನೇ ಚೆನ್ನಾಗಿ ಬಿಸಿ ಮಾಡಿ ಉಣಿಸಿದ.

(ಇಲ್ಲಿ ನಾನು ಮೂಗು ತೂರಿಸಲೇಬೇಕು. ಅಕ್ಕಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಮುಸುಕೆಳೆದು ಮಲಗಿರುತ್ತದೆ. ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದರೆ ಎದ್ದು, ಸಂಸಾರ ಹೂಡಿ, ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಜಗ್ಗುವುದಿಲ್ಲ. ಹಳಸಿದ ಅನ್ನ ವಾಸನೆ ಹೊಡೆದು ಎಚ್ಚರಿಸುತ್ತದೆ. ಇದಕ್ಕೆ ಅಷ್ಟು ಸೌಜನ್ಯವಿಲ್ಲ.)

ಮಗಳು ಮನೆಗೆ ಬರುವಷ್ಟರಲ್ಲಿ ಮಗು ವಾಂತಿ ಮಾಡತೊಡಗಿತ್ತು.

೪
ಮೊದಲ ಡ್ರಾಫ್ಟಿನಲ್ಲಿ ತಪ್ಪನ್ನು ಅಳಿಯ ತಂದ ಐಸ್‌ಕ್ರೀಮಿನ ತಲೆಗೆ ಕಟ್ಟಿದ್ದೆ. ಬ್ಯಾಕ್ಟೀರಿಯಾ ತಕರಾರು ತೆಗೆಯಿತು: "ಕಷ್ಟಪಟ್ಟಿದ್ದು ನಾವು, ಹೆಸರು ಅದಕ್ಕಾ?" ನ್ಯಾಯವೇ. ಹರಿದು ಹಾಕಿದೆ.

೫
"ಅಪ್ಪಾ, ಮಗೂಗೆ ಏನು ಕೊಟ್ರಿ?"

"ನನ್ನ ಮೂಗಿನ ಮೇಲೇ ಅನುಮಾನಾನಾ?"

"ಎಲ್ಲಾನೂ ನಿಮ್ಮ ಮೂಗಿನ ನೇರಕ್ಕೇ ನೋಡ್ಬೇಡಿ. ಕುಡಿದ ನೀರೂ ನಿಲ್ತಿಲ್ಲ. ಡಾಕ್ಟರು ಫೋನಲ್ಲಿದಾರೆ, ಏನಂತ ಹೇಳ್ಲಿ?"

ತಾತನಿಗೆ ಭಯವಾಯಿತು. ನಾಚಿಕೆ ಇನ್ನೂ ಹೆಚ್ಚಾಯಿತು. "ಅನ್ನ. ಬೆಳಿಗ್ಗೇದು. ನಾನೇ ಕೊಟ್ಟೆ" ಅಂದ.

ಓಆರ್‌ಎಸ್ ಕಲಸಿ ಚಮಚ ಚಮಚವಾಗಿ ಕುಡಿಸಿ, ಅದೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ ಅಂದರು ಡಾಕ್ಟರು. ತಾತ ಚಮಚವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

೬
ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಬೆಳಗಾಗುವಷ್ಟರಲ್ಲಿ ಮಗು ಎದ್ದು ಬಿಸ್ಕೆಟ್ ಕೇಳುತ್ತದೆ.

ಆ) ಆಸ್ಪತ್ರೆ, ಡ್ರಿಪ್, ಎಲ್ಲರಿಗೂ ಒಂದು ನೀತಿಪಾಠ.

ಇ)

ತಾತ ನನ್ನ ಕೈ ಹಿಡಿದುಕೊಂಡ. "ಮೂರನೇದು ಬರೀಬೇಡ ಮಾರಾಯ."

"ಹಾಗಾದ್ರೆ ಒಂದನೇದು ಹಾಕಿ ಮುಗಿಸ್ಲಾ ತಾತ?"

"ನೀನು ಬರೆದ್ಬಿಟ್ರೆ ಆಗೋಗುತ್ತಾ? ಈಗ ಕೊಟ್ಟ ಚಮಚ ಹೊಟ್ಟೇಲಿ ನಿಂತಿದೆ. ಇನ್ನೊಂದು ಕೊಡ್ಬೇಕು. ಅಲ್ಲೀವರೆಗೆ ಮುಗಿಸೋ ಮಾತೇ ಆಡ್ಬೇಡ."

ಆದ್ದರಿಂದ ಓದುಗರೇ, ಪೂರ್ಣವಿರಾಮ ಕೇಳಬೇಡಿ, ಇಟ್ಟರೆ ಮುದುಕ ನನ್ನನ್ನು ಬಿಡುವುದಿಲ್ಲ. ಮಗು ಬಾಯಿ ತೆರೆದಿದೆ, ತಾತ ಇನ್ನೊಂದು ಚಮಚ ತುಂಬುತ್ತಿದ್ದಾನೆ,