ಕರೆದುಕೊಂಡು ಹೋಗಲು ಬಂದವಳು

ಕಲ್ಲೇಶ್ ಅಕ್ಕನ ಹಣೆಗೆ ವಿಭೂತಿ ಹಚ್ಚಲು ಬಾಗಿದಾಗ ಶಿವಾನಿ ಅವನ ಕೈ ಹಿಡಿದಳು. ಸುತ್ತಲಿದ್ದವರು ತಿರುಗಿ ನೋಡಿದ್ದೇ ತಡ, ಬಿಟ್ಟುಬಿಟ್ಟಳು.

ಶಿವಾನಿಯ ತಾಯಿ ಪ್ರೇಮಕ್ಕ ಬೆಳಗಿನ ಆರಕ್ಕೆ ತೀರಿಕೊಂಡಿದ್ದಳು. ನರಸಿಂಹರಾಜಪುರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದವಳು. ಅವಳ ಕೈಯಲ್ಲಿ ಬಾಣಂತನದ ಮೊದಲ ಸ್ನಾನ ಮಾಡಿಸಿಕೊಂಡ ಹೆಂಗಸರೇ ಅಂಗಳದ ತುಂಬ ಕೂತಿದ್ದರು. ಅವಳ ತಮ್ಮ ಕಲ್ಲೇಶ್ ಬಾಳೆಹೊನ್ನೂರಿನಿಂದ ಕ್ರಿಯಾವಿಧಿ ಮಾಡಿಸುವ ಅಯ್ಯನವರನ್ನು ಜೊತೆಗೇ ಕರೆತಂದಿದ್ದ. ಮನೆತನದ ಲಿಂಗಾಯತ ರೀತಿಯಲ್ಲಿ ಕೂರಿಸಿ ಮಣ್ಣು ಮಾಡಬೇಕು, ಮೈ ಸೆಟೆಯುವ ಮೊದಲು ಕೂರಿಸಬೇಕು ಎಂದು ಅವಸರಪಡುತ್ತಿದ್ದ. ಪ್ರೇಮಕ್ಕ ಇಪ್ಪತ್ತು ವರ್ಷದಿಂದ ಪ್ರಾರ್ಥನೆಗೆ ಹೋಗುತ್ತಿದ್ದ ಕೊಪ್ಪದ ಸಭೆಯ ಪಾಸ್ಟರ್ ಮತ್ತು ನಾಲ್ಕು ಜನ ಗೇಟಿನ ಹೊರಗೆ ನಿಂತಿದ್ದರು. ಶಿವಾನಿ ಅವರನ್ನು ಒಳಗೆ ಕರೆದಿರಲಿಲ್ಲ.

"ಅಕ್ಕ ಸುಮ್ನೆ ಹೋಗಿ ಬರ್ತಿದ್ಲು ಅಷ್ಟೆ, ಅಲ್ವೇನೆ?" ಕಲ್ಲೇಶ್ ಕೇಳಿದ. "ಮಣ್ಣು ಹೆಂಗೆ ಮಾಡ್ಬೇಕು ಅಂತ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?"

ಹೇಳಿದ್ದಳು. ಶಿವಾನಿ ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ಆಫೀಸಿನ ಮಾಲತಿ ನಿಂತಿದ್ದಳು.

*

ಮೂರು ವರ್ಷದ ಹಿಂದಿನ ಒಂದು ಭಾನುವಾರ. ಕೊಪ್ಪದಲ್ಲಿ ಪ್ರಾರ್ಥನೆ ನಡೆಯುತ್ತಿದ್ದ ಬಾಡಿಗೆ ಹಾಲಿಗೆ ಹತ್ತು ಹನ್ನೆರಡು ಗಂಡಸರು ನುಗ್ಗಿದರು. ಯಾರು ಏನು ಆಸೆ ತೋರಿಸಿ ಕರೆಸಿದರು ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳತೊಡಗಿದರು.

ಪ್ರೇಮಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

"ಯಾರೂ ಏನೂ ಕೊಡ್ಲಿಲ್ಲಪ್ಪ. ನನ್ನ ಮೊದಲ್ನೇ ಮಗು ಸತ್ತಾಗ ಎಲ್ಲ ಯಾರ ತಪ್ಪು ಅಂತ ಕೇಳಿದ್ರು. ಒಬ್ಬ ನರ್ಸಮ್ಮ ಮಾತ್ರ ನನ್ನ ಜೊತೆ ಕೂತು ಅತ್ಲು. ನಿಮ್ಮ ದೇವ್ರು ಯಾರು ಅಂತ ನಾನೇ ಕೇಳ್ದೆ."

ಫೋನು ಶಿವಾನಿಯ ಕಡೆ ತಿರುಗಿತು. ಅವಳು ಹಿಂದಿನ ವರ್ಷವೇ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಳು. ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೈಬಲ್ ಇದ್ದ ಚೀಲವನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯ ಹಿಂದಕ್ಕೆ ತಳ್ಳಿದಳು.

"ನಂಗೂ ಇದಕ್ಕೂ ಸಂಬಂಧ ಇಲ್ಲ. ಅಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದ್ದು."

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ಪ್ರೇಮಕ್ಕ ಮಧ್ಯಾಹ್ನಕ್ಕೆ ಏನು ಮಾಡಲಿ, ಹಸಿದಿದ್ದೀಯಲ್ಲ ಎಂದು ಕೇಳಿದಳು. ಸಾಯುವವರೆಗೂ ಆ ದಿನದ ಮಾತೆತ್ತಲಿಲ್ಲ. ಬೈದಿದ್ದರೆ ಮಗಳಿಗೆ ಹಗುರವಾಗುತ್ತಿತ್ತು.

*

"ಹೇಳಿದ್ಲು ಮಾವ," ಎಂದಳು ಶಿವಾನಿ. ದನಿ ತೀರಾ ಸಣ್ಣದಾಗಿತ್ತು. "ಮಲಗಿಸಿ ಮಣ್ಣು ಮಾಡಿ, ಪ್ರಾರ್ಥನೆ ಮಾಡಿ ಅಂದಿದ್ಲು. ಅಮ್ಮ ಸುಮ್ನೆ ಹೋಗ್ತಿದ್ದದ್ದಲ್ಲ. ಯೇಸುನ ನಂಬಿದ್ಲು."

"ನೀನು?"

ಯಾರಾದರೂ ಕೇಳಿದರೆ ಹೀಗೆ ಹೇಳಬೇಕು ಎಂದು ಮೂರು ವರ್ಷ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬರಲಿಲ್ಲ.

"ನಾನೂ ನಂಬ್ತೀನಿ. ಆದ್ರೆ ಒಂದ್ಸಲ ಕೇಳಿದಾಗ ಅಮ್ಮನ ಎದುರೇ ಇಲ್ಲ ಅಂದೆ."

ಮಾಲತಿ ತಲೆ ತಗ್ಗಿಸಿದಳು. ಅಂಥಾದ್ದು ಅದರಲ್ಲಿ ಏನು ಕಂಡಿರಿ ಎಂದು ಕಲ್ಲೇಶ್ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಇಲ್ಲ ಅಂದ್ಮೇಲೂ ಅಮ್ಮ ನನ್ನ ಹಸಿವು ವಿಚಾರಿಸಿದ್ಲು ಮಾವ. ಅವಳು ಅದನ್ನ ಕಲ್ತಿದ್ದು ಅಲ್ಲೇ."

ಕಲ್ಲೇಶ್ ಅಕ್ಕನ ಮುಖ ನೋಡಿದ. ಆಮೇಲೆ ಎದ್ದು ಅಯ್ಯನವರಿಗೆ ಕೈಮುಗಿದು ಏನೋ ಹೇಳಿದ. ಗೇಟಿನವರೆಗೆ ಹೋಗಿ ಹೊರಗಿದ್ದವರನ್ನು ತಾನೇ ಒಳಗೆ ಕರೆದ.

ಮಧ್ಯಾಹ್ನ ಮೂರಕ್ಕೆ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಮೊದಲ ಹಿಡಿ ಮಣ್ಣು ತಮ್ಮನದು ಎಂದು ಪಾಸ್ಟರ್ ದಾರಿ ಬಿಟ್ಟರು. ಕಲ್ಲೇಶ್ ಮಣ್ಣು ತೆಗೆದುಕೊಂಡು ಕೈ ಚಾಚಿದವನು ಹಾಗೇ ಶಿವಾನಿಯ ಕಡೆ ತಿರುಗಿದ.

"ಇಲ್ಲಿ ಏನೋ ಹೇಳ್ಬೇಕಲ್ಲ. ನಂಗೆ ಬರಲ್ಲ. ನೀನು ಹೇಳು."

ಹಿಂದೆ ಮಾಲತಿಯ ಜೊತೆ ಆಫೀಸಿನವರು ಇನ್ನೂ ಐದಾರು ಜನ ಬಂದು ನಿಂತಿದ್ದರು. ಶಿವಾನಿ ತಿರುಗಿ ನೋಡದೆ, ತಾಯಿಯನ್ನು ಕರ್ತನ ಕೈಗೆ ಒಪ್ಪಿಸುವ ಮಾತುಗಳನ್ನು ಎಲ್ಲರಿಗೂ ಕೇಳುವಂತೆ ಹೇಳತೊಡಗಿದಳು. ಅವಳು ಮುಗಿಸುವವರೆಗೂ ಕಲ್ಲೇಶ್ ಗುಂಡಿಯ ಮೇಲೆ ಚಾಚಿದ ಮುಷ್ಟಿಯನ್ನು ಬಿಚ್ಚಲಿಲ್ಲ.