ಕಳ್ಳನಿಗೊಂದು ಹಾಸಿಗೆ

ಕಿರ್... ಕಿರ್...

ನಡುರಾತ್ರಿಯ ಆ ಸಣ್ಣ ಸದ್ದಿಗೆ ಎಚ್ಚರವಾದರೂ ಅವಳು ಕಣ್ಣು ಬಿಡಲಿಲ್ಲ. ನೀರಿನ ಡ್ರಮ್ಮಿನ ಹಿತ್ತಾಳೆ ನಲ್ಲಿಯನ್ನು ಮಗ ತಿರುಗಿಸಿ ಬಿಚ್ಚುತ್ತಿದ್ದ. ಫ್ಯಾನು, ಕುಕ್ಕರು, ಸತ್ತ ಅಪ್ಪನ ಸೈಕಲ್ಲು, ಎಲ್ಲವನ್ನೂ ಮಾರಿ ಮೂಗಿಗೆ ಅಮಲಿನ ಪುಡಿ ಏರಿಸಿದ್ದ. ನಲ್ಲಿ ಕೈಗೆ ಬಂತು. ನೀರು ಅವಳ ಚಾಪೆಯಡಿ ಹರಿಯಿತು. ಆಗಲೂ ಏಳಲಿಲ್ಲ. ಎದ್ದರೆ ಹೊಡೆಯುತ್ತಾನೆ. ಹೊಡೆದ ಮೇಲೆ ಕಾಲು ಹಿಡಿದು ಅಳುತ್ತಾನೆ. ಆ ಅಳು ಹೊಡೆತಕ್ಕಿಂತ ಕಷ್ಟ.

ಬೆಳಿಗ್ಗೆ ಒದ್ದೆ ಬಟ್ಟೆಯಲ್ಲೇ ವ್ಯಸನಮುಕ್ತಿ ಕೇಂದ್ರದ ಕಿಟಕಿಯ ಮುಂದೆ ನಿಂತಳು.

"ಮತ್ತೆ ಬಂದ್ಯಾ? ಏನು ನಾತ ಕಣೇ ನಿಂದು!" ಗುಮಾಸ್ತ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. ಅವಳು ಲಾಡ್ಜಿನ ಕಕ್ಕಸು ತೊಳೆಯುವವಳು.

"ಹತ್ತು ದಿನ ಇಟ್ಕೊಂಡು ಕಳಿಸಿದ್ರಿ ಸಾರ್. ಮನೆಗೆ ಬಂದ ಸಂಜೇನೇ ಶುರು ಹಚ್ಕೊಂಡ. ಒಂದು ವರ್ಷ ಇಟ್ಕೊಳ್ಳೋ ವಾರ್ಡ್ ಇದೆಯಂತಲ್ಲ..."

"ಅಲ್ಲಿಗೆ ದುಡ್ಡಿರೋರು ಬರ್ತಾರೆ, ಇಲ್ಲಾಂದ್ರೆ ಕೋರ್ಟಿಂದ ಬರ್ತಾರೆ. ಜಡ್ಜು ಬರೆದ್ರೆ ಬಿಟ್ಟಿ ಇಟ್ಕೋಬೇಕು. ನಿನ್ಮಗ ಕದ್ದಿದಾನಾ?"

"ಮನೇದೆಲ್ಲ ಕದ್ದಿದಾನೆ."

"ನಿನ್ನ ಮನೇಲೇನಿದೆ ಕದಿಯೋಕೆ, ತಗಡು? ದೊಡ್ಡೋರದ್ದು ಕದೀಬೇಕಮ್ಮ. ಹೋಗು, ಮೊದ್ಲು ಮಗನಿಗೆ ಕಳ್ಳತನ ಕಲಿಸು."

ಪಕ್ಕದ ಮೇಜಿನವನೂ ನಕ್ಕ.

ಲಾಡ್ಜಿನ ಮಾಲೀಕ ಕೈ ತೊಳೆಯುವಾಗ ವಾಚು ಬಿಚ್ಚಿ ಬೇಸಿನ್ನಿನ ಮೇಲಿಡುತ್ತಿದ್ದ. ಅಂದೂ ಇಟ್ಟು ಮರೆತ.

"ಏಯ್, ಮೇಲಿನ ರೂಮಲ್ಲಿ ಯಾವನೋ ವಾಂತಿ ಮಾಡಿದಾನೆ. ಒರೆಸೋ ಬಟ್ಟೆ ಹಾಳ್ಮಾಡ್ಬೇಡ, ಕೈಲೇ ಬಳಿ."

ಬಳಿದಳು. ಕೈ ತೊಳೆದಳು. ವಾಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮನೆಯಲ್ಲಿ ಅಮಲೇರಿ ಬಿದ್ದಿದ್ದ ಮಗನ ಜೇಬಿಗೆ ಅದನ್ನು ಇಳಿಸಿ, ಲಾಡ್ಜಿಗೆ ಓಡಿ ಬಂದು ಮಾಲೀಕನ ಕಾಲಿಗೆ ಬಿದ್ದಳು. "ಸ್ವಾಮಿ, ನನ್ಮಗ ಹಿಂಬಾಗಿಲಿಂದ ಬಂದಿದ್ದ. ಅವನ ಜೇಬಲ್ಲಿ..."

ಮಾಲೀಕ ಮೊದಲು ಅವಳ ಕೆನ್ನೆಗೆ ಬಾರಿಸಿದ. ಆಮೇಲೆ ಪೊಲೀಸರಿಗೆ ಫೋನು ಮಾಡಿದ.

"ಬೋಳಿಮಗನೇ, ಯಾವ ಕೈಲೋ ಕದ್ದೆ?" ಪೊಲೀಸಿನವನ ಬೂಟು ಮಗನ ಬಲಗೈಯ ಮೇಲಿತ್ತು. ಇಡೀ ಬೀದಿ ನಿಂತು ನೋಡುತ್ತಿತ್ತು.

"ನಾನಲ್ಲ! ಅಮ್ಮಾ, ನಾನಲ್ಲ ಕಣಮ್ಮಾ, ನೀನಾದ್ರೂ ಹೇಳು!"

ಎಷ್ಟೋ ಕಾಲದ ಮೇಲೆ ಅವನ ಬಾಯಿಂದ ಬಂದ ನಿಜ ಅದು.

"ಅವನೇ," ಎಂದಳು.

ಬೂಟು ತಿರುಗಿತು. ಕಿರ್ ಎಂದಿತು.

ನ್ಯಾಯಾಧೀಶರು ಜೈಲಿನ ಬದಲು ಕೇಂದ್ರದ ವಾರ್ಡಿಗೆ ಒಂದು ವರ್ಷ ಬರೆದರು. ಲಾಡ್ಜಿನ ಕೆಲಸ ಹೋಯಿತು. ನೀರಿನ ಸಾಲಿನಲ್ಲಿ ಹೆಂಗಸರು ಕಳ್ಳನ ತಾಯಿಯ ಕೊಡವನ್ನು ಕಾಲಿಂದ ಹಿಂದಕ್ಕೆ ತಳ್ಳಿದರು.

ಭೇಟಿಯ ದಿನ ಗುಮಾಸ್ತ ಹಲ್ಲು ಕಿರಿದ. "ನೋಡ್ದಾ? ಕಲಿಸಿದ್ರೆ ಕಲೀತಾನೆ!"

ಕಂಬಿಯಾಚೆ ಕೂತಿದ್ದ ಮಗನಿಗೆ ಮೈ ತುಂಬಿತ್ತು. ಕೈ ನಡುಗುತ್ತಿರಲಿಲ್ಲ. ಬಲಗೈಯ ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ.

"ನೀನೂ ನಂಬಿಬಿಟ್ಟೆಯಲ್ಲಮ್ಮ. ಹೋಗ್ಲಿ ಬಿಡು, ನಿಂದೇನು ತಪ್ಪು. ಪುಡಿ ಬೇಕು ಅನಿಸಿದಾಗೆಲ್ಲ ಒಂದೇ ಯೋಚನೆ ಮಾಡ್ತೀನಿ: ನನ್ನ ಜೇಬಿಗೆ ಅದನ್ನ ಹಾಕಿದ್ದು ಯಾರು? ಹೊರಗೆ ಬರ್ತೀನಲ್ಲ, ಆ ಸೂಳೆಮಗನ ಕೈ ಕತ್ತರಿಸ್ತೀನಿ. ಅಲ್ಲೀತನಕ ಮುಟ್ಟಲ್ಲ, ಆಣೆ."

ಅವಳು ತಂದಿದ್ದ ಬ್ರೆಡ್ಡನ್ನು ಮುರಿದು, ಕಂಬಿಯ ಸಂದಿಯಿಂದ ಅವನ ಬಾಯಿಗಿಟ್ಟಳು.

"ತಿನ್ನು," ಎಂದಳು.

ಇವನನ್ನು ಪುಡಿಯಿಂದ ತಡೆದಿರುವುದು ಈ ಕೇಂದ್ರವಲ್ಲ, ಈ ಸಿಟ್ಟು. ಇವನಿಗೂ ಹೇಳಬಾರದು. ಇವನ ಹೆಂಡತಿಯಾಗಿ ಬರುವವಳಿಗೂ, ತಾನು ಸಾಯುವಾಗ ಬಾಯಿಗೆ ನೀರು ಬಿಡುವವರಿಗೂ ಹೇಳಬಾರದು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಅವನು ಅಗಿಯುವುದನ್ನೇ ನೋಡುತ್ತ ಕೂತಳು.