ಟೈಲರಮ್ಮ ತುಂಬಿದ ಹಾಳೆ

ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಆರು ಜನ ಕೂರಬಹುದು, ಒತ್ತಿಕೊಂಡರೆ ಎಂಟು. ಜ್ವರವೆಂದು ಬಂದವರಿರಲಿ, ಮಂಡಿನೋವೆಂದು ಬಂದವರಿರಲಿ, ಡಾಕ್ಟರ ಮುಂದೆ ಹೋಗುವ ಮೊದಲು ಎಲ್ಲರೂ ಒಂದು ಹಾಳೆ ತುಂಬಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ನಿದ್ದೆ ಕೆಟ್ಟಿದೆಯೇ, ಮನಸ್ಸು ಕುಗ್ಗಿದೆಯೇ, ಎಷ್ಟು ಕುಡಿಯುತ್ತೀರಿ, ಸತ್ತರೆ ಸಾಕು ಅನ್ನಿಸಿದೆಯೇ, ಹೀಗೆ ಹನ್ನೊಂದು ಪ್ರಶ್ನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕಾದವಳು ನರ್ಸಾದ ನಾನು. ಆದರೆ ಬಿಪಿ ನೋಡುವವಳೂ ನಾನೇ, ಗಾಯಕ್ಕೆ ಪಟ್ಟಿ ಕಟ್ಟುವವಳೂ ನಾನೇ. ಹಾಳೆಗಳ ಜೊತೆ ಒಂದು ಪೆನ್ನನ್ನೂ ಬೆಂಚಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ಓದುವ ಕನ್ನಡಕ ಮರೆಯದೆ ತರುತ್ತಿದ್ದವರು ಟೈಲರಮ್ಮ ಒಬ್ಬರೇ. ವಾರವಾರ ಬಿಪಿ ನೋಡಿಸಲು ಬರುವವರು. "ಕೊಡಿ ಇಲ್ಲಿ, ನಾನೇ ಬರೀತೀನಿ" ಎಂದು ಇಡೀ ಬೆಂಚಿನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತುಂಬುತ್ತಿದ್ದರು. ನನಗೂ ಒಂದು ಕೆಲಸ ಕಮ್ಮಿ.

ಆ ಸೋಮವಾರ ಲಿಫ್ಟ್ ರಿಪೇರಿಯವನು ಹೊಟ್ಟೆನೋವೆಂದು ಬಂದ. ಬೀದಿಗೆಲ್ಲ ಅವನು ಲಿಫ್ಟಣ್ಣ. "ಏರಿಸೋದು ಇಳಿಸೋದು ನನ್ನ ಕೆಲಸ, ನೀವ್ಯಾಕೆ ಸಿಸ್ಟರ್ ನನ್ನ ಬಿಪಿ ಏರಿಸ್ತೀರಾ?" ಎಂದು ಕಾಡುತ್ತಿದ್ದವನು ಅವತ್ತು ಕೈ ಚಾಚಿ ಸುಮ್ಮನೆ ಕೂತ. ಟೈಲರಮ್ಮ ತುಂಬಿಕೊಟ್ಟ ಅವನ ಹಾಳೆ ನೋಡಿದೆ. ಹನ್ನೊಂದಕ್ಕೂ ಸೊನ್ನೆ, ಅಂದರೆ ಯಾವ ತೊಂದರೆಯೂ ಇಲ್ಲ. ಡಾಕ್ಟರು ಹೊಟ್ಟೆನೋವಿಗೆ ಮಾತ್ರೆ ಬರೆದುಕೊಟ್ಟರು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಟೈಲರಮ್ಮ ನಿಂತಿದ್ದರು. ಬಿಪಿ ನೂರ ಎಂಬತ್ತು.

"ಕಣ್ಣು ಮುಚ್ಚಿಲ್ಲ ಸಿಸ್ಟರ್. ಆ ಲಿಫ್ಟಣ್ಣ ನಂಗೆ ಬೇರೇನೇ ಹೇಳಿದ್ದ."

"ಏನಂದ?"

"ಎಷ್ಟು ಕುಡೀತೀಯಪ್ಪಾ ಅಂದೆ. ಬೆಳಿಗ್ಗೆಯಿಂದ್ಲೇ ಶುರು ಅಂದ. ಸಾಯೋ ಮಾತು ಓದಿದೆ. ದಿನಾ ಅನ್ಸತ್ತಮ್ಮಾ ಅಂದ, ಮೆಲ್ಲಗೆ."

"ಮತ್ತೆ ಸೊನ್ನೆ ಯಾಕೆ ಹಾಕಿದ್ರಿ?"

"ಹಾಳೆ ಅವ್ನ ಕಂಪನಿಗೆ ಹೋದ್ರೆ? ಕೆಲಸ ಉಳಿಯತ್ತಾ? ಹುಚ್ಚಪ್ಪಾ, ಇಂಥದ್ದೆಲ್ಲ ಬರೆಸ್ತಾರೇನೋ ಅಂತ ಬೈದು ಸೊನ್ನೆ ಹಾಕ್ದೆ. ಸರಿ ಬಿಡಮ್ಮಾ ಅಂತ ನಕ್ಕ. ಆ ನಗು ಹೋಗ್ತಾನೇ ಇಲ್ಲ ಕಣ್ಣಿಂದ."

ಹಾಳೆ ಯಾವ ಕಂಪನಿಗೂ ಹೋಗುವುದಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳಲು ಬೆಂಚಿನ ಹತ್ತಿರ ನಿಂತಿದ್ದರೆ ತಾನೇ?

ಲಿಫ್ಟಣ್ಣನ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಅವನ ಅಕ್ಕ.

"ಕೆಲಸಕ್ಕೆ ಹೋದ್ನಲ್ಲ. ಫೋನ್ ಮರೆತು ಹೋಗಿದಾನೆ ನೋಡಿ. ಅಯ್ಯೋ, ಮನೆ ಬೀಗದ ಕೈನೂ ಇಲ್ಲೇ ಇದೆ... ಯಾಕ್ ಸಿಸ್ಟರ್?"

ಅವತ್ತು ಎಲ್ಲಿ ಕೆಲಸವೆಂದು ಅಕ್ಕನಿಗೂ ಗೊತ್ತಿರಲಿಲ್ಲ. ಡಾಕ್ಟರು ಕಂಪನಿಗೇ ಫೋನ್ ಹಚ್ಚಿದರು. ಅವನನ್ನು ಎಲ್ಲಿಗೆ ಕಳಿಸಿದ್ದಾರೆಂದು ಮೊದಲು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಇದ್ದದ್ದು ಇದ್ದಹಾಗೆ ಹೇಳಬೇಕಾಯಿತು, ಕುಡಿತವನ್ನೂ ಸೇರಿಸಿ.

ಹದಿನಾಲ್ಕು ಮಹಡಿಯ ಕಟ್ಟಡದ ತಾರಸಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಾಚೆ, ಅಂಚಿನ ಗೋಡೆಯ ಮೇಲೆ ಕಾಲು ಹೊರಗೆ ಇಳಿಬಿಟ್ಟು ಕೂತಿದ್ದನಂತೆ. ಕಂಪನಿಯವರು ಫೋನ್ ಮಾಡಿ ಮೇಲೆ ಓಡಿಸಿದ ಅಲ್ಲಿಯ ವಾಚ್‌ಮನ್ ಏನೇನೋ ಮಾತಾಡಿಸುತ್ತಾ ಹತ್ತಿರ ಹೋಗಿ ಬೆಲ್ಟು ಹಿಡಿದು ಹಿಂದಕ್ಕೆಳೆದ. ಎರಡು ವಾರ ದೊಡ್ಡಾಸ್ಪತ್ರೆಯಲ್ಲಿಟ್ಟುಕೊಂಡರು. ಕಂಪನಿಯವರು ಮೂರನೇ ದಿನವೇ ಕೆಲಸದಿಂದ ತೆಗೆದರು.

ಬಿಡುಗಡೆಯಾದ ಮೇಲೆ ಅಕ್ಕನ ಜೊತೆ ನಮ್ಮಲ್ಲಿಗೆ ಬಂದ. ಮುಖ ಒಣಗಿತ್ತು. ಬೆಂಚು ತುಂಬಿದ್ದರೂ ಈ ಸಲ ನಾನು ಬಾಗಿಲು ಹಾಕಿಕೊಂಡು ಹನ್ನೊಂದನ್ನೂ ನಾನೇ ಕೇಳಿದೆ.

"ಸಾಯೋ ಯೋಚನೆ?"

"ದಿನಾ ಇಲ್ಲ. ಆದ್ರೆ ಇದೆ," ಎಂದ.

ಹಾಗೆಯೇ ಬರೆದೆ. ಡಾಕ್ಟರು ಬಹಳ ಹೊತ್ತು ಮಾತಾಡಿಸಿ, ಮಾತ್ರೆಗಳನ್ನು ಅಕ್ಕನ ಕೈಗೆ ಕೊಟ್ಟು, ನಾಳೆಯೇ ಮತ್ತೆ ಬರಲು ಹೇಳಿದರು.

ಹೊರಗೆ ಟೈಲರಮ್ಮ ಎದ್ದು ನಿಂತರು. "ತಪ್ಪಾಯ್ತು ಕಣಪ್ಪಾ. ನಾನು ನಿನ್ನ ಕೆಲಸ ಉಳೀಲಿ ಅಂತ..."

"ನೀವು ಬರೆದಿದ್ದೇ ಚೆನ್ನಾಗಿತ್ತಮ್ಮಾ. ಅದ್ರಲ್ಲಿ ನಂಗೆ ಕೆಲಸ ಇತ್ತು."

ಟೈಲರಮ್ಮ ಕೂತುಬಿಟ್ಟರು.

"ನಾಳೆ ಹತ್ತು ಗಂಟೆಗೆ ಬಾರಪ್ಪ," ಎಂದೆ ನಾನು.

"ನೋಡೋಣ ಸಿಸ್ಟರ್."

"ನೋಡೋದೇನಿಲ್ಲ, ಕರ್ಕೊಂಡ್ ಬರ್ತೀನಿ," ಎಂದಳು ಅಕ್ಕ. ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಿದ್ದವಳು ಮೆಟ್ಟಿಲು ಇಳಿಯುವಾಗಲೂ ಬಿಡಲಿಲ್ಲ.